ಮಸುಕು ಚಿತ್ರದಲ್ಲಿ ಕಂಡ ವಿಮಾನ

ವಿಮಾನಗಳ ಬಗ್ಗೆ ಖಚಿತ ವಿವರ ಬೇಕಾದಾಗ ಎಂಜಿನಿಯರುಗಳು, ಪತ್ರಕರ್ತರು, ಇತಿಹಾಸಕಾರರು ತೆರೆದು ನೋಡುವ ಒಂದು ಆಕರಗ್ರಂಥವಿದೆ. ಅದರ ಹೆಸರು ‘ಜೇನ್ಸ್ ಆಲ್ ದ ವರ್ಲ್ಡ್ಸ್ ಏರ್‌ಕ್ರಾಫ್ಟ್’. 1909ರಲ್ಲಿ ಫ್ರೆಡ್ ಜೇನ್ ಎಂಬ ಇಂಗ್ಲಿಷ್ ಲೇಖಕ ಆರಂಭಿಸಿದ ಈ ವಾರ್ಷಿಕದ ಮುನ್ನುಡಿಯೊಂದು 2013ರ ಮಾರ್ಚ್‌ನಲ್ಲಿ ದೊಡ್ಡ ಸುದ್ದಿಯಾಯಿತು. ಎಂಜಿನ್ ಅಳವಡಿಸಿದ ವಿಮಾನದಲ್ಲಿ ಮೊದಲು ಹಾರಿದವರು ರೈಟ್ ಸಹೋದರರಲ್ಲ. ಅವರಿಗಿಂತ ಎರಡು ವರ್ಷ ಮೊದಲೇ, 1901ರ ಆಗಸ್ಟ್ 14ರಂದು, ಗುಸ್ಟಾವ್ ವೈಟ್‌ಹೆಡ್ ಎಂಬಾತ ಹಾರಿದ್ದ ಎಂದು ಸಂಪಾದಕ ಪಾಲ್ ಜ್ಯಾಕ್ಸನ್ ಅದರಲ್ಲಿ ಬರೆದಿದ್ದರು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ ತನ್ನ ಕಾನೂನನ್ನೇ ತಿದ್ದಿತು. ವಿಮಾನಯಾನದ ಗೌರವಾರ್ಥ ಆಚರಿಸುವ ದಿನದಲ್ಲಿ ರೈಟ್ ಸಹೋದರರ ಹೆಸರಿದ್ದ ಜಾಗಕ್ಕೆ ವೈಟ್‌ಹೆಡ್‌ನ ಹೆಸರು ಬಂತು.

ಜ್ಯಾಕ್ಸನ್ ಆಧರಿಸಿದ್ದು ಜಾನ್ ಬ್ರೌನ್ ಎಂಬ ಸಂಶೋಧಕರು ಕಲೆಹಾಕಿದ ಸಾಮಗ್ರಿಯನ್ನು. ಆ ಸಾಮಗ್ರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಚಾರ ಪಡೆದದ್ದು ಒಂದು ಹಳೆಯ ಛಾಯಾಚಿತ್ರ. ಅದರಲ್ಲಿ ವೈಟ್‌ಹೆಡ್‌ನ ಯಂತ್ರ ಹಾರುತ್ತಿರುವುದು ಕಾಣುತ್ತದೆ ಎಂಬುದು ಬ್ರೌನ್ ಅವರ ವಾದ. ವೈಟ್‌ಹೆಡ್ ನಿಜವಾಗಿ ಹಾರಿದನೇ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಂದು ಹಳೆಯ ಚಿತ್ರವನ್ನು ನೋಡಿ ‘ಇದು ಇಂಥದೇ ವಿಮಾನ’ ಎಂದು ಹೇಳಬೇಕಾದರೆ ಏನೇನು ಸಿದ್ಧವಾಗಬೇಕು, ಈ ಪ್ರಕರಣದಲ್ಲಿ ಅವು ಸಿದ್ಧವಾಗಿದ್ದವೇ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸೋಣ.

ಚಿತ್ರದೊಳಗಿನ ಚಿತ್ರ

ವೈಟ್‌ಹೆಡ್ ಹುಟ್ಟಿದ್ದು 1874ರಲ್ಲಿ, ಜರ್ಮನಿಯ ಬವೇರಿಯಾ ಪ್ರಾಂತದ ಲಾಯ್ಟರ್ಸ್‌ಹೌಸೆನ್‌ನಲ್ಲಿ. ಮೂಲ ಹೆಸರು ವೈಸ್‌ಕೊಫ್. ಅಮೆರಿಕಕ್ಕೆ ವಲಸೆ ಹೋಗಿ ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ನೆಲೆಸಿ ಎಂಜಿನ್‌ಗಳನ್ನೂ ಹಾರುಯಂತ್ರಗಳನ್ನೂ ತಯಾರಿಸುತ್ತಿದ್ದ. ಅವನ 21ನೆಯ ಯಂತ್ರಕ್ಕೆ ಬಾವಲಿಯ ರೆಕ್ಕೆಯನ್ನು ಹೋಲುವ, ಬಿದಿರು ಮತ್ತು ರೇಷ್ಮೆ ಬಟ್ಟೆಯಿಂದ ಮಾಡಿದ ರೆಕ್ಕೆಗಳಿದ್ದವು. ತುದಿಯಿಂದ ತುದಿಗೆ 36 ಅಡಿ, ಅಂದರೆ ಸುಮಾರು 11 ಮೀಟರ್. ಈ ಯಂತ್ರ ನೆಲದ ಮೇಲೆ ನಿಂತಿರುವ ಸ್ಪಷ್ಟ ಛಾಯಾಚಿತ್ರಗಳಿವೆ. 1901ರ ಜೂನ್ 8ರ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲೇ ಅಂಥವು ಪ್ರಕಟವಾಗಿದ್ದವು. ಯಂತ್ರ ಇತ್ತು ಎಂಬುದರಲ್ಲಿ ಹಾಗಾಗಿ ಯಾರಿಗೂ ಸಂದೇಹವಿಲ್ಲ. ಸಂದೇಹವಿರುವುದು ಅದು ಹಾರಿತೇ ಎಂಬುದರಲ್ಲಿ. ಹಾರಾಟದ ವರದಿ ಮಾಡಿದ 1901ರ ಆಗಸ್ಟ್ 18ರ ‘ಬ್ರಿಜ್‌ಪೋರ್ಟ್ ಹೆರಾಲ್ಡ್’ ಪತ್ರಿಕೆಯಲ್ಲಿ ಛಾಯಾಚಿತ್ರವಿಲ್ಲ, ಕೈಯಿಂದ ಬರೆದ ಚಿತ್ರ ಮಾತ್ರ ಇದೆ.

1906ರ ಜನವರಿಯಲ್ಲಿ ಏರೋ ಕ್ಲಬ್ ಆಫ್ ಅಮೆರಿಕ ಸಂಸ್ಥೆ ನ್ಯೂಯಾರ್ಕ್‌ನಲ್ಲಿ ಒಂದು ಪ್ರದರ್ಶನ ನಡೆಸಿತು. ಗೋಡೆಗಳ ಮೇಲೆ ಹಾರುಯಂತ್ರಗಳ ಅನೇಕ ಛಾಯಾಚಿತ್ರಗಳನ್ನು ತೂಗುಹಾಕಲಾಗಿತ್ತು. ವೈಟ್‌ಹೆಡ್ 1901ರಲ್ಲಿ ಕಟ್ಟಿದ ಯಂತ್ರದ ಮಸುಕಾದ ಒಂದು ಚಿತ್ರ ಅಲ್ಲಿತ್ತು ಎಂದು ಆ ತಿಂಗಳ 27ರ ‘ಸೈಂಟಿಫಿಕ್ ಅಮೆರಿಕನ್’ ತಿಳಿಸಿತು. ಆ ಚಿತ್ರ ಇಂದು ಲಭ್ಯವಿಲ್ಲ. ಆದರೆ ಪ್ರದರ್ಶನದ ಕೋಣೆಯದೇ ಒಂದು ಛಾಯಾಚಿತ್ರ ಉಳಿದುಬಂದಿದೆ. ಅದರ ಹಿನ್ನೆಲೆಯ ಗೋಡೆಯಲ್ಲಿ ಪುಟ್ಟ ಪುಟ್ಟ ಚೌಕಗಳಾಗಿ ಆ ಚಿತ್ರಗಳು ಕಾಣುತ್ತವೆ. ಬ್ರೌನ್ ಅವರು ಅಂಥ ಒಂದು ಚೌಕವನ್ನು ಹತ್ತಾರು ಪಟ್ಟು ಹಿಗ್ಗಿಸಿ, ಕಂಡ ಆಕಾರವನ್ನು 21ನೆಯ ಯಂತ್ರದ ರೇಖಾಚಿತ್ರದೊಂದಿಗೆ ಹೋಲಿಸಿದರು. ಕಳೆದುಹೋದ ಚಿತ್ರ ಇದೇ ಎಂಬ ತೀರ್ಮಾನಕ್ಕೆ ಬಂದರು.

ಒಂದು ಸಣ್ಣ ಲೆಕ್ಕ

ಇಂಥ ಕಡೆ ಅಭಿಪ್ರಾಯಕ್ಕಿಂತ ಮೊದಲು ಲೆಕ್ಕ ಹಾಕಬೇಕು. ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಲೆಕ್ಕವಿದು. ಅಂಕಿಗಳು ಉದಾಹರಣೆಗಾಗಿ ಮಾತ್ರ.

ಪ್ರದರ್ಶನದ ಕೋಣೆಯ ಚಿತ್ರ 20 ಸೆಂ.ಮೀ. ಅಗಲವಿದೆ, ಅದರಲ್ಲಿ 10 ಮೀಟರ್ ಉದ್ದದ ಗೋಡೆ ಮೂಡಿದೆ ಎಂದುಕೊಳ್ಳೋಣ. ಆಗ ಪ್ರಮಾಣ 1:50. ಗೋಡೆಯ ಮೇಲಿನ 20 ಸೆಂ.ಮೀ. ಅಗಲದ ಚಿತ್ರ ಇದರಲ್ಲಿ 4 ಮಿ.ಮೀ. ಆಗುತ್ತದೆ. ಒಂದು ಮಿಲಿಮೀಟರಿನಲ್ಲಿ ಹತ್ತು ಜೊತೆ ಕಪ್ಪು-ಬಿಳಿ ಗೆರೆಗಳನ್ನು ಬಿಡಿಸಿ ತೋರಿಸುವಷ್ಟು ಚಿತ್ರ ಸ್ಪಷ್ಟವಾಗಿದೆ ಎಂದಾದರೆ, ಮಿಲಿಮೀಟರಿಗೆ 20ರಂತೆ ಇಡೀ ಅಗಲಕ್ಕೆ 80 ಬಿಂದುಗಳು ಸಿಗುತ್ತವೆ. ಹಾರುಯಂತ್ರ ಚಿತ್ರದ ಅರ್ಧ ಅಗಲವನ್ನು ಆವರಿಸಿದ್ದರೆ ಅದರ ಪಾಲಿಗೆ 40 ಬಿಂದುಗಳು. ಯಂತ್ರದ ಅಗಲ 11 ಮೀಟರ್. ಆದ್ದರಿಂದ ಒಂದು ಬಿಂದು ಎಂದರೆ ಸುಮಾರು 27 ಸೆಂ.ಮೀ. ಕೆಲವೇ ಸೆಂಟಿಮೀಟರ್ ದಪ್ಪದ ಬಿದಿರಿನ ಕಡ್ಡಿ, ಬಿಗಿದ ತಂತಿ, ಪ್ರೊಪೆಲ್ಲರಿನ ಅಲಗು ಇವೆಲ್ಲ ಒಂದು ಬಿಂದುವಿನೊಳಗೇ ಕರಗಿಹೋಗುತ್ತವೆ.

ಈಗ ಇದನ್ನು 35 ಪಟ್ಟು ಹಿಗ್ಗಿಸಿ. 4 ಮಿ.ಮೀ. ಚಿತ್ರ 14 ಸೆಂ.ಮೀ. ಆಯಿತು. ಬಿಂದುಗಳು? ಆಗಲೂ 80. ಚಿಕ್ಕದಿದ್ದ ಬಿಂದು ದೊಡ್ಡದಾಯಿತೇ ಹೊರತು ಹೊಸ ಬಿಂದು ಹುಟ್ಟಲಿಲ್ಲ. ಮೂಲ ಚಿತ್ರವೇ ಮಸುಕಾಗಿತ್ತು ಎಂದು 1906ರ ವರದಿಯೇ ಹೇಳುತ್ತಿರುವಾಗ, ಈ 80 ಬಿಂದುಗಳೂ ಪೂರ್ತಿ ನಂಬತಕ್ಕವಲ್ಲ. ಹಿಗ್ಗಿಸುವುದರಿಂದ ಚಿತ್ರದಲ್ಲಿ ಇರುವುದನ್ನು ನೋಡಲು ಅನುಕೂಲವಾಗುತ್ತದೆ, ಇಲ್ಲದ್ದು ಬರುವುದಿಲ್ಲ. ಸೂಕ್ಷ್ಮದರ್ಶಕದ ಪಾಠದಲ್ಲಿ ನಾವು ಹೇಳುವುದೂ ಇದನ್ನೇ: ಬಿಡಿಸಿ ತೋರಿಸುವ ಸಾಮರ್ಥ್ಯವಿಲ್ಲದ ವರ್ಧನೆ ವ್ಯರ್ಥ.

ಕಣ್ಣು ಮಾತ್ರ ಸುಮ್ಮನಿರುವುದಿಲ್ಲ. ನಾಲ್ಕು ಕಪ್ಪು ಕಲೆ, ಎರಡು ಬಿಳಿ ಕಲೆ ಕೊಟ್ಟರೆ ಸಾಕು, ಮನಸ್ಸಿನಲ್ಲಿ ಮೊದಲೇ ಇರುವ ಆಕಾರವನ್ನು ಅದು ಪೂರ್ತಿ ಮಾಡಿಬಿಡುತ್ತದೆ. ಪಕ್ಕದಲ್ಲೇ 21ನೆಯ ಯಂತ್ರದ ರೇಖಾಚಿತ್ರವನ್ನು ಇಟ್ಟುಕೊಂಡು ನೋಡಿದವರಿಗೆ ಆ ಯಂತ್ರವೇ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮಂಗಳ ಗ್ರಹದ ಮೇಲೆ ಪರ್ಸಿವಲ್ ಲೊವೆಲ್ ಕಾಲುವೆಗಳನ್ನು ಕಂಡದ್ದೂ ಹೀಗೆಯೇ.

ಗುರುತಿಸುವುದು ಹೇಗೆ?

ಹಳೆಯ ವಿಮಾನಗಳ ಚಿತ್ರಗಳನ್ನು ಗುರುತಿಸುವುದು ಅಸಾಧ್ಯವೇನಲ್ಲ. ಅದಕ್ಕೊಂದು ಕ್ರಮವಿದೆ. ರೆಕ್ಕೆಗಳು ಒಂದು ಜೊತೆಯೋ ಎರಡೋ, ಎರಡಿದ್ದರೆ ಒಂದರ ಮೇಲೊಂದೋ ಒಂದರ ಹಿಂದೊಂದೋ ಎಂಬುದರಿಂದ ಆರಂಭಿಸುತ್ತಾರೆ. ಪ್ರೊಪೆಲ್ಲರ್ ಮುಂದಿದೆಯೋ ಹಿಂದಿದೆಯೋ, ಏರಿಳಿತವನ್ನು ನಿಯಂತ್ರಿಸುವ ಪಟ್ಟಿ ಬಾಲದಲ್ಲಿದೆಯೋ ಮೂತಿಯಲ್ಲಿದೆಯೋ, ರೆಕ್ಕೆಗಳ ನಡುವಿನ ಕಂಬಗಳು ಎಷ್ಟು, ನೆಲದ ಮೇಲೆ ನಿಲ್ಲಲು ಚಕ್ರಗಳಿವೆಯೋ ಜಾರುಪಟ್ಟಿಗಳಿವೆಯೋ ಎಂದು ಮುಂದುವರಿಯುತ್ತಾರೆ. 1909ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರ‍್ಯಾನ್ಸ್‌ನಲ್ಲಿ ನಡೆದ ವಿಮಾನ ಮೇಳದಂಥ ಸಂದರ್ಭವಾದರೆ ಯಂತ್ರದ ಮೇಲಿನ ಸ್ಪರ್ಧಾ ಸಂಖ್ಯೆಯೂ ನೆರವಾಗುತ್ತದೆ.

ಇಲ್ಲಿ ಮರೆಯಬಾರದ ಸಂಗತಿ ಒಂದಿದೆ. ಹೋಲಿಕೆ ಬೇರೆ, ಗುರುತು ಬೇರೆ. 1909ರ ಜುಲೈ 25ರಂದು ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆಯನ್ನು ದಾಟಿದ ಮೇಲೆ ಅವನ ಯಂತ್ರವನ್ನು ನಕಲು ಮಾಡಿದವರು ಹಲವರು. ಹಾಗಾಗಿ ಒಂದು ಚಿತ್ರ ಬ್ಲೇರಿಯೊ ವಿಮಾನದಂತೆ ಇದೆ ಎಂದ ಮಾತ್ರಕ್ಕೆ ಅದು ಬ್ಲೇರಿಯೊ ವಿಮಾನವಾಗದು. ನಮ್ಮ ಯಂತ್ರದಲ್ಲಿ ಮಾತ್ರ ಇರುವ, ಬೇರೆಯದರಲ್ಲಿ ಇಲ್ಲದ ಲಕ್ಷಣ ಕಾಣಬೇಕು. ಅದರ ಜೊತೆಗೆ, ಆ ಕಾಲದ ಇತರ ಯಂತ್ರಗಳ ಜೊತೆ ಹೋಲಿಸಿ ಒಂದೊಂದನ್ನೇ ‘ಇದಲ್ಲ’ ಎಂದು ತಳ್ಳಿಹಾಕಿರಬೇಕು. ಎರಡನೆಯ ಕೆಲಸವೇ ಮುಖ್ಯ, ಹೆಚ್ಚು ಜನ ಬಿಟ್ಟುಬಿಡುವುದೂ ಅದನ್ನೇ.

ಹಳೆಯ ಛಾಯಾಚಿತ್ರದ ರಸಾಯನವೂ ದಾರಿ ತಪ್ಪಿಸಬಲ್ಲದು. ಆ ಕಾಲದ ಗಾಜಿನ ಫಲಕಗಳಿಗೆ ಬಳಿದ ಎಮಲ್ಷನ್ ನೀಲಿ ಬೆಳಕಿಗೆ ಬಹಳ ಸ್ಪಂದಿಸುತ್ತಿತ್ತು, ಕೆಂಪಿಗೆ ಬಹುಮಟ್ಟಿಗೆ ಕುರುಡಾಗಿತ್ತು. ಆದ್ದರಿಂದ ನೀಲಿ ಬಣ್ಣ ಬೆಳ್ಳಗೆ, ಕೆಂಪು ಬಣ್ಣ ಕಪ್ಪಗೆ ಮೂಡುತ್ತಿತ್ತು. ನೀಲಾಕಾಶದ ಮುಂದಿನ ಸಣ್ಣ ತಂತಿಗಳು ಎಷ್ಟೋ ಸಲ ಬೆಳಕಿನಲ್ಲಿ ಅಳಿಸಿಹೋಗುತ್ತಿದ್ದವು. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವಾದರೆ ಅದು ಮಸಿಯ ಚುಕ್ಕಿಗಳ ಜಾಲ. ಹಿಗ್ಗಿಸಿದರೆ ಸಿಗುವುದು ಚುಕ್ಕಿಗಳು ಮಾತ್ರ. ಕುಂಚದಿಂದ ಗೆರೆ ತಿದ್ದುವುದು, ಎರಡು ಚಿತ್ರಗಳನ್ನು ಕತ್ತರಿಸಿ ಒಂದು ಮಾಡುವುದು ಕೂಡ ಆಗಿನ ಪತ್ರಿಕಾ ಕಚೇರಿಗಳಲ್ಲಿ ಇದ್ದ ಅಭ್ಯಾಸವೇ.

ಗ್ರೇ ಅವರು ಕಂಡದ್ದು

ಬ್ರೌನ್ ಅವರ ಗುರುತಿಸುವಿಕೆಯನ್ನು ಈ ಕ್ರಮಕ್ಕೆ ಒಳಪಡಿಸಿದವರು ಕ್ಯಾರಲ್ ಗ್ರೇ ಎಂಬ ವಿಮಾನ ಇತಿಹಾಸಕಾರರು. ಅವರು ಕೇಳಿದ ಪ್ರಶ್ನೆ ಬೇರೆ. ಈ ಆಕಾರ ವೈಟ್‌ಹೆಡ್ ಯಂತ್ರವನ್ನು ಹೋಲುತ್ತದೆಯೇ ಎಂದಲ್ಲ; 1906ರ ಜನವರಿಯ ಹೊತ್ತಿಗೆ ಅಮೆರಿಕದಲ್ಲಿದ್ದ ಯಾವ ಯಾವ ಯಂತ್ರಗಳ ಚಿತ್ರ ಆ ಗೋಡೆಯ ಮೇಲೆ ಇರಬಹುದಿತ್ತು ಎಂದು. ಉತ್ತರ ಸಿಕ್ಕಿದ್ದು ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಜಾನ್ ಮಾಂಟ್ಗೊಮೆರಿ 1905ರಲ್ಲಿ, ಒಂದರ ಹಿಂದೊಂದು ರೆಕ್ಕೆಗಳಿದ್ದ ಗ್ಲೈಡರುಗಳನ್ನು ಕಟ್ಟಿದ್ದರು. ಬಿಸಿಗಾಳಿಯ ಬಲೂನಿನಿಂದ ಮೇಲಕ್ಕೆ ಒಯ್ದು ಬಿಡುತ್ತಿದ್ದ ಈ ಎಂಜಿನ್‌ರಹಿತ ಯಂತ್ರಗಳನ್ನು ಡೇನಿಯಲ್ ಮಲೋನಿ ಎಂಬ ಸಾಹಸಿ ಹಾರಿಸುತ್ತಿದ್ದ. 1905ರ ಜುಲೈ 18ರಂದು ಬಲೂನಿನ ಹಗ್ಗ ತಗಲಿ ಗ್ಲೈಡರ್ ಮುರಿದು ಆತ ಸತ್ತ. ಅವುಗಳಲ್ಲಿ ‘ಕ್ಯಾಲಿಫೋರ್ನಿಯಾ’ ಎಂಬ ಹೆಸರಿನ ಗ್ಲೈಡರಿನ ಛಾಯಾಚಿತ್ರವೇ ಗೋಡೆಯ ಮೇಲಿನ ಆ ಚೌಕದಲ್ಲಿರುವುದು ಎಂದು ಗ್ರೇ ತೋರಿಸಿಕೊಟ್ಟರು.

ಎರಡು ವಾದಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಬ್ರೌನ್ ಹೋಲಿಸಿದ್ದು ಮಸುಕು ಕಲೆಗಳನ್ನು ಒಂದು ರೇಖಾಚಿತ್ರದ ಜೊತೆಗೆ. ಗ್ರೇ ಹೋಲಿಸಿದ್ದು ಮಸುಕು ಛಾಯಾಚಿತ್ರವನ್ನು ಸ್ಪಷ್ಟ ಛಾಯಾಚಿತ್ರದ ಜೊತೆಗೆ. ಎರಡನೆಯ ಬಗೆಯ ಹೋಲಿಕೆಯಲ್ಲಿ ಯಂತ್ರದ ಆಕಾರ ಮಾತ್ರವಲ್ಲ, ಅದನ್ನು ನೋಡಿದ ಕೋನ, ಚೌಕಟ್ಟಿನಲ್ಲಿ ಅದರ ಸ್ಥಾನ, ಬೆಳಕು-ನೆರಳಿನ ಹಂಚಿಕೆ ಎಲ್ಲವೂ ಏಕಕಾಲಕ್ಕೆ ಕೂಡಿಬರಬೇಕು. ಆಕಸ್ಮಿಕವಾಗಿ ಇಷ್ಟೆಲ್ಲ ಕೂಡಿಬರುವುದು ಕಷ್ಟ. ತಪ್ಪಾಗಿದ್ದರೆ ತಪ್ಪೆಂದು ಗೊತ್ತಾಗುವ ಅವಕಾಶ ಗ್ರೇ ಅವರ ವಿಧಾನದಲ್ಲಿತ್ತು. ವಿಜ್ಞಾನದಲ್ಲಿ ಒಂದು ವಾದಕ್ಕೆ ಬೆಲೆ ಬರುವುದು ಅದರಿಂದ.

1906ರ ವರದಿಯನ್ನು ಓದುವುದರಲ್ಲೂ ಅವಸರವಾಗಿದೆ. ಲ್ಯಾಂಗ್ಲಿಯ ಯಂತ್ರಗಳ ಚಿತ್ರವನ್ನು ಬಿಟ್ಟರೆ, ಯಶಸ್ವಿಯಾಗಿ ಹಾರುತ್ತಿರುವ ಮೋಟಾರು ವಿಮಾನದ ಚಿತ್ರ ಪ್ರದರ್ಶನದಲ್ಲಿ ವೈಟ್‌ಹೆಡ್‌ನದೊಂದೇ ಎಂಬರ್ಥದ ಮಾತು ಅಲ್ಲಿದೆ. ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಯಾವ ಯಂತ್ರ ಯಶಸ್ವಿಯಾಗಿ ಹಾರಿತ್ತು? 1896ರ ಮೇ 6ರಂದು ಹಾರಿದ, ಅಲೆಕ್ಸಾಂಡರ್ ಗ್ರಹಾಂ ಬೆಲ್ ಛಾಯಾಚಿತ್ರ ತೆಗೆದ, ಉಗಿಯಿಂದ ನಡೆಯುವ ಮಾದರಿ. ಅದರಲ್ಲಿ ಮನುಷ್ಯ ಇರಲಿಲ್ಲ. ಮನುಷ್ಯನನ್ನು ಹೊತ್ತ ಅವನ ದೊಡ್ಡ ಯಂತ್ರ 1903ರ ಅಕ್ಟೋಬರ್ 7 ಮತ್ತು ಡಿಸೆಂಬರ್ 8ರಂದು ಎರಡು ಬಾರಿಯೂ ಪೊಟೊಮ್ಯಾಕ್ ನದಿಗೆ ಬಿತ್ತು. ಹಾಗಾದರೆ ಆ ವರದಿಗಾರನ ‘ಯಶಸ್ವಿ ಹಾರಾಟ’ದಲ್ಲಿ ಮನುಷ್ಯರಿಲ್ಲದ ಮಾದರಿಗಳೂ ಸೇರಿದ್ದವು. ವೈಟ್‌ಹೆಡ್‌ನ ಯಂತ್ರ ಒತ್ತಿದ ಗಾಳಿಯಿಂದ ನಡೆಯುತ್ತಿತ್ತು ಎಂದೂ ಅಲ್ಲೇ ಹೇಳಿದೆ. ಆದ್ದರಿಂದ ಆ ಕಳೆದ ಚಿತ್ರ ನಾಳೆ ಸಿಕ್ಕರೂ, 1901ರ ಆಗಸ್ಟ್ 14ರಂದು ಮನುಷ್ಯ ಹಾರಿದ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು.

ಎದುರು ಪಕ್ಷದ ತಪ್ಪು

ವೈಟ್‌ಹೆಡ್ ಪಕ್ಷದವರ ಒಂದು ಆಕ್ಷೇಪದಲ್ಲಿ ಹುರುಳಿದೆ. ರೈಟ್ ಸಹೋದರರ ವಿಮಾನ ಇರುವುದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ. ಅದಕ್ಕಿಂತ ಮೊದಲಿನ ಯಾವ ವಿಮಾನವೂ ಮನುಷ್ಯನನ್ನು ಹೊತ್ತು ಹಾರಬಲ್ಲದಾಗಿತ್ತು ಎಂದು ಸಂಸ್ಥೆ ಹೇಳಿದರೆ ವಿಮಾನವನ್ನು ರೈಟ್ ಕುಟುಂಬದವರು ಹಿಂದಕ್ಕೆ ಪಡೆಯಬಹುದು ಎಂಬ ಕರಾರು 1948ರ ಒಪ್ಪಂದದಲ್ಲಿದೆ. ಇತಿಹಾಸದ ಪ್ರಶ್ನೆಗೆ ಉತ್ತರ ಹೇಳಬೇಕಾದ ಸಂಸ್ಥೆ ಹೀಗೆ ಕೈ ಕಟ್ಟಿಕೊಳ್ಳುವುದು ಸರಿಯಲ್ಲ.

ಆದರೆ ಈ ಕರಾರು ಹುಟ್ಟಿದ ಕತೆಯೇ ಛಾಯಾಚಿತ್ರಗಳಿಗೆ ಸಂಬಂಧಿಸಿದ್ದು. ಲ್ಯಾಂಗ್ಲಿ ಇದೇ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವನು. ನದಿಗೆ ಬಿದ್ದಿದ್ದ ಅವನ ಯಂತ್ರವನ್ನು 1914ರಲ್ಲಿ ಗ್ಲೆನ್ ಕರ್ಟಿಸ್ ದುರಸ್ತಿ ಮಾಡಿ ಹ್ಯಾಮಂಡ್ಸ್‌ಪೋರ್ಟ್‌ನ ಸರೋವರದ ಮೇಲೆ ಸ್ವಲ್ಪ ದೂರ ಹಾರಿಸಿದ. ‘ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ’ ಎಂಬ ಫಲಕದೊಂದಿಗೆ ಸಂಸ್ಥೆ ಅದನ್ನು ಪ್ರದರ್ಶನಕ್ಕಿಟ್ಟಿತು. 1921ರಲ್ಲಿ ಗ್ರಿಫಿತ್ ಬ್ರೂಯರ್ ಎಂಬ ಇಂಗ್ಲಿಷ್ ತಜ್ಞರು 1903ರ ಮತ್ತು 1914ರ ಯಂತ್ರಗಳನ್ನು ಹೋಲಿಸಿ, ಅವೆರಡೂ ಒಂದೇ ಅಲ್ಲ ಎಂದು ಲಂಡನ್ನಿನ ಉಪನ್ಯಾಸವೊಂದರಲ್ಲಿ ವಾದಿಸಿದರು. ರೆಕ್ಕೆಯ ಬಾಗು ಬೇರೆ, ಅದನ್ನು ಬಿಗಿದ ಕಂಬ ಮತ್ತು ತಂತಿಗಳ ಸ್ಥಾನ ಬೇರೆ, ಕೆಳಗೆ ತೇಲುದೋಣಿಗಳು ಹೊಸತು. ಕೊನೆಗೆ 1942ರಲ್ಲಿ ಸ್ಮಿತ್‌ಸೋನಿಯನ್ ಮಾರ್ಪಾಡುಗಳ ಪಟ್ಟಿಯನ್ನು ಪ್ರಕಟಿಸಿ ತಪ್ಪನ್ನು ಒಪ್ಪಿಕೊಂಡಿತು. ಇಲ್ಲಿ ಕೆಲಸಕ್ಕೆ ಬಂದದ್ದು ಹಿಗ್ಗಿಸಿದ ಮಸುಕಲ್ಲ. ಸ್ಪಷ್ಟ ಚಿತ್ರಗಳಲ್ಲಿ, ಬೆರಳಿಟ್ಟು ತೋರಿಸಬಹುದಾದ, ಯಾರು ನೋಡಿದರೂ ಒಂದೇ ರೀತಿ ಕಾಣುವ ವಿವರಗಳು.

ಚಿತ್ರ ಹೇಳುವುದು, ಹೇಳದಿರುವುದು

1903ರ ಡಿಸೆಂಬರ್ 17ರಂದು ಜಾನ್ ಡೇನಿಯಲ್ಸ್ ಕ್ಯಾಮೆರಾದ ರಬ್ಬರ್ ಬಲ್ಬ್ ಒತ್ತಿ ತೆಗೆದ ರೈಟ್ ವಿಮಾನದ ಚಿತ್ರವನ್ನು ಪಠ್ಯಪುಸ್ತಕಗಳಲ್ಲಿ ಎಲ್ಲರೂ ನೋಡಿದ್ದಾರೆ. 1913ರ ಡೇಟನ್ ಪ್ರವಾಹದಲ್ಲಿ ನೆನೆದು, ಮೂಲೆ ಮುರಿದರೂ ಆ ಗಾಜಿನ ಫಲಕ ಉಳಿದಿದೆ. ವಿಮಾನ ಹಳಿಯ ತುದಿ ಬಿಟ್ಟು ಮೇಲೆದ್ದಿದೆ, ಆರ್ವಿಲ್ ಮಲಗಿ ನಡೆಸುತ್ತಿದ್ದಾನೆ, ವಿಲ್ಬರ್ ಬಲಗಡೆ ಓಡಿಬಂದು ನಿಂತಿದ್ದಾನೆ. ಆದರೂ ಈ ಚಿತ್ರವೊಂದೇ ಹಾರಾಟವನ್ನು ಸಾಬೀತು ಮಾಡುವುದಿಲ್ಲ. 12 ಸೆಕೆಂಡು, 120 ಅಡಿ ಎಂಬುದು ಚಿತ್ರದಲ್ಲಿಲ್ಲ. ಅದು ದಿನಚರಿಯಲ್ಲಿದೆ, ಅಂದೇ ಕಳಿಸಿದ ತಂತಿ ಸಂದೇಶವಿದೆ, ನೋಡಿದವರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಮುಂದಿನ ಕೆಲಸವಿದೆ: 1905ರ ಅಕ್ಟೋಬರ್ 5ರಂದು ವಿಲ್ಬರ್ 39 ನಿಮಿಷ ಹಾರಿ 24 ಮೈಲಿ ಕ್ರಮಿಸಿದ. ವೈಟ್‌ಹೆಡ್‌ಗೆ ಇಂಥ ಮುಂದುವರಿಕೆಯಿಲ್ಲ. ಅವನ ಪರವಾದ ಸಾಕ್ಷಿಗಳ ಹೇಳಿಕೆಗಳನ್ನು ಬರೆದುಕೊಂಡದ್ದು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ. 1986ರಲ್ಲಿ ಅವನ ಯಂತ್ರದ ಪ್ರತಿಕೃತಿ ಆಧುನಿಕ ಎಂಜಿನ್‌ಗಳಿಂದ ಹಾರಿದ್ದು ನಿಜ. ಅಂಥ ಆಕಾರ ಹಾರಬಲ್ಲದು ಎಂಬುದನ್ನು ಅದು ತೋರಿಸುತ್ತದೆ, 1901ರಲ್ಲಿ ಹಾರಿತು ಎಂಬುದನ್ನಲ್ಲ.

2015ರಲ್ಲಿ ‘ಜೇನ್ಸ್’ ಪ್ರಕಾಶನ ಸಂಸ್ಥೆ, ಆ ಮುನ್ನುಡಿ ಜ್ಯಾಕ್ಸನ್ ಅವರ ಸ್ವಂತ ಅಭಿಪ್ರಾಯವೇ ಹೊರತು ಸಂಸ್ಥೆಯದಲ್ಲ ಎಂದು ಸ್ಪಷ್ಟಪಡಿಸಿತು. ಆಕರಗ್ರಂಥವೊಂದು ಹೀಗೆ ಹೇಳಬೇಕಾಗಿ ಬಂದದ್ದು ವಿಷಾದದ ಸಂಗತಿ. ಮೊದಲೇ ಬೇರೆ ತಜ್ಞರಿಗೆ ತೋರಿಸಿದ್ದರೆ ಇದು ತಪ್ಪುತ್ತಿತ್ತು.

ನಮ್ಮಲ್ಲೂ ಇಂಥ ಪರೀಕ್ಷೆಗೆ ಒಳ್ಳೆಯ ಮೇಲ್ಪಂಕ್ತಿಯಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಅದರಲ್ಲಿ ಬೆಂಗಳೂರಿನ ನಕಾಶೆಗಾರ ಎಲ್ಲಪ್ಪನವರು ಬರೆದ ವಿಮಾನಗಳ ಚಿತ್ರಗಳಿವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಗೇಲಿಯನ್ನೂ ಮಾಡದೆ, ಕಣ್ಣು ಮುಚ್ಚಿ ಒಪ್ಪದೆ ಪರಿಶೀಲಿಸಿದರು. ಪಠ್ಯ ಎಲ್ಲಿಂದ ಬಂತು, ಭಾಷೆ ಯಾವ ಕಾಲದ್ದು, ಚಿತ್ರದ ಯಂತ್ರದ ಮೇಲೆ ಬೀಳುವ ಬಲಗಳೇನು ಎಂದು ಕೇಳಿ, ಪಠ್ಯ 20ನೆಯ ಶತಮಾನದ್ದು, ಯಂತ್ರಗಳು ಹಾರಲಾರವು ಎಂದು ತೀರ್ಮಾನಿಸಿದರು. 1895ರಲ್ಲಿ ಮುಂಬಯಿಯಲ್ಲಿ ತಳಪದೆ ಅವರು ವಿಮಾನ ಹಾರಿಸಿದರೆಂಬ ಮಾತು ಬಂದಾಗಲೂ ಇದೇ ಪ್ರಶ್ನೆಗಳನ್ನು ಕೇಳಬೇಕು. ನಮ್ಮವರೆಂಬ ಅಭಿಮಾನಕ್ಕೆ ಬೇರೆ ಅಳತೆಗೋಲು ಇರಬಾರದು. ಕನೆಕ್ಟಿಕಟ್ ಶಾಸನಸಭೆ ಎಡವಿದ್ದು ಅಲ್ಲಿಯೇ.

ಇಂದು ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಸುಕು ಚಿತ್ರವನ್ನು ‘ಸ್ಪಷ್ಟ’ಗೊಳಿಸುವ ತಂತ್ರಾಂಶಗಳು ಈಗ ಮೊಬೈಲಿನಲ್ಲೇ ಇವೆ. ಅವು ಕಾಣದ ಭಾಗವನ್ನು ತಾವು ಕಲಿತ ಬೇರೆ ಚಿತ್ರಗಳ ಆಧಾರದಿಂದ ಊಹಿಸಿ ತುಂಬುತ್ತವೆ. ಹಾಗೆ ಮೂಡಿದ ಬಿದಿರು ಕಡ್ಡಿ 1901ರದ್ದಲ್ಲ, ತಂತ್ರಾಂಶದ್ದು.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಗೋಡೆಗೆ ಒಂದು ಪತ್ರಿಕೆಯ ಪುಟ ಅಂಟಿಸಿ, ದೂರದಿಂದ ಇಡೀ ಕೋಣೆಯ ಚಿತ್ರ ತೆಗೆಯಿರಿ. ಪುಟದ ಭಾಗವನ್ನು ಮಾತ್ರ ಹಿಗ್ಗಿಸಿ, ಅರ್ಧದಷ್ಟು ವಿದ್ಯಾರ್ಥಿಗಳಿಗೆ ಅದರ ತಲೆಬರಹ ಏನೆಂದು ಮೊದಲೇ ಹೇಳಿ, ಉಳಿದವರಿಗೆ ಹೇಳಬೇಡಿ. ಇಬ್ಬರಿಗೂ ಓದಲು ಕೊಟ್ಟು ಉತ್ತರಗಳನ್ನು ಹೋಲಿಸಿ. ಮೊದಲೇ ತಿಳಿದವರಿಗೆ ಅಕ್ಷರಗಳು ಚೆನ್ನಾಗಿ ಕಂಡು, ಉಳಿದವರಿಗೆ ಕಾಣದಿದ್ದರೆ, ಆ ಅಕ್ಷರಗಳು ಚಿತ್ರದಲ್ಲಿ ಇದ್ದವೇ ಎಂದು ಅವರನ್ನೇ ಕೇಳಿ.